ಕೊನೆಯ ಬೆಂಚಿಗೆ ಕೇಳದ ಪಾಠ

ಮನೆಯಲ್ಲಿ ಚೂಟಿ, ಶಾಲೆಯಲ್ಲಿ ಮಂಕು. ಇಂಥ ಮಗು ನಿಮ್ಮ ಬೀದಿಯಲ್ಲೂ ಇದ್ದೀತು, ನಿಮ್ಮ ಮನೆಯಲ್ಲೇ ಇದ್ದೀತು. ಈ ಕಥೆಯ ಮಗು ಇದ್ದದ್ದು ಒಂದು ಹಿಟ್ಟಿನ ಗಿರಣಿಯ ಮನೆಯಲ್ಲಿ.

ಗಿರಣಿ ಮುಂದೆ, ಮನೆ ಹಿಂದೆ. ನಡುವೆ ಒಂದೇ ಗೋಡೆ. ಬೆಳಿಗ್ಗೆ ಯಂತ್ರ ಶುರುವಾದರೆ ಅಡುಗೆಮನೆಯ ಲೋಟಗಳು ಕೂಡ ಕೂತಲ್ಲೇ ಸಣ್ಣಗೆ ನಡುಗುತ್ತಿದ್ದವು. ಆ ಗದ್ದಲದಲ್ಲಿ ಮಾತೆಂದರೆ ಕೂಗು. ಕೂಗಿಯೂ ತಿಳಿಯದಿದ್ದರೆ ಕೈಸನ್ನೆ. ಹೆಬ್ಬೆರಳಿಗೆ ತೋರುಬೆರಳು ಉಜ್ಜಿದರೆ ನುಣ್ಣಗೆ ಬೀಸು ಎಂದರ್ಥ. ಮುಷ್ಟಿ ತೋರಿಸಿದರೆ ದಪ್ಪಗೆ. ಅಂಗೈ ಅಡ್ಡ ಹಿಡಿದರೆ ಸ್ವಲ್ಪ ತಡಿ. ಬಾಯಿಯ ಹತ್ತಿರ ಐದು ಬೆರಳು ಕೂಡಿಸಿದರೆ ಊಟಕ್ಕೆ ಬಾ. ಆ ಮನೆಯವರು ಒಬ್ಬರ ಮುಖ ಒಬ್ಬರು ನೋಡದೆ ಮಾತಾಡಿದ್ದೇ ಇಲ್ಲ. ಯಂತ್ರ ನಿಂತ ಮೇಲೂ ಅದೇ ಅಭ್ಯಾಸ. ಎದುರಿಗೆ ಬಂದು, ಭುಜ ಮುಟ್ಟಿ, ಗಟ್ಟಿಯಾಗಿ ಹೇಳುವುದು. ಬೀದಿಯಲ್ಲಿ ಹೋಗುವವರಿಗೆ ಒಳಗೆ ಜಗಳವಾಗುತ್ತಿದೆ ಅನ್ನಿಸಬೇಕು. ಒಳಗೆ ನೋಡಿದರೆ ಉಪ್ಪು ಜಾಸ್ತಿಯಾಯಿತೋ ಕಡಿಮೆಯಾಯಿತೋ ಎಂಬ ವಿಚಾರ ನಡೆದಿರುತ್ತಿತ್ತು.

ಗಿರಣಿಯವನಿಗೆ ಒಬ್ಬಳೇ ಮಗಳು. ಹೆಸರು ಏನೇ ಇರಲಿ, ಮನೆಯಲ್ಲಿ, ಬೀದಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಗುಬ್ಬಿ. ಶಾಲೆ ಬಿಟ್ಟ ಕೂಡಲೇ ಬಂದು ಗಿರಣಿಯ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಗಿರಾಕಿ ಬೀದಿಯ ಆ ತುದಿಯಲ್ಲಿ ಬಾಯಿ ಆಡಿಸಿದರೆ ಸಾಕು, ಇವಳು ಅಪ್ಪನ ಕಡೆ ತಿರುಗಿ, "ಗೋಧಿ, ನುಣ್ಣಗೆ, ಬೇಗ ಬೇಕಂತೆ" ಎಂದು ಕೈಯಲ್ಲೇ ಹೇಳಿಬಿಡುತ್ತಿದ್ದಳು.

"ನಿನ್ನ ಮಗಳು ಕಣ್ಣಲ್ಲೇ ಕೇಳ್ತಾಳಲ್ಲಯ್ಯಾ" ಎಂದು ಗಿರಾಕಿಗಳು ಅಚ್ಚರಿಪಡುತ್ತಿದ್ದರು. ಗಿರಣಿಯವನ ಎದೆ ಉಬ್ಬುತ್ತಿತ್ತು. "ನಮ್ಮನೆ ಮಗು ಅಲ್ವಾ" ಎನ್ನುತ್ತಿದ್ದ. ರೆಪ್ಪೆಯ ಮೇಲೆ ಕೂತ ಹಿಟ್ಟಿನಲ್ಲೂ ಅವನ ಹೆಮ್ಮೆ ಎದ್ದು ಕಾಣುತ್ತಿತ್ತು.

ಶಾಲೆಯಿಂದ ಬರುವ ಮಾತೇ ಬೇರೆ. ಗುಬ್ಬಿ ಎತ್ತರದ ಹುಡುಗಿಯಾದ್ದರಿಂದ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಎಲ್ಲರೂ ಎದ್ದ ಮೇಲೆ ಏಳುತ್ತಿದ್ದಳು, ಎಲ್ಲರೂ ಪುಸ್ತಕ ತೆಗೆದ ಮೇಲೆ ತೆಗೆಯುತ್ತಿದ್ದಳು. ಪ್ರಶ್ನೆ ಕೇಳಿದರೆ ನಗುತ್ತಿದ್ದಳು. ಇನ್ನೊಂದು ಸಲ ಕೇಳಿದರೆ ತಲೆಯಾಡಿಸುತ್ತಿದ್ದಳು. ಹಳೇ ಮೇಷ್ಟ್ರು ಗಿರಣಿಯವನಿಗೂ ಪಾಠ ಹೇಳಿದವರು. ಹಿಟ್ಟು ಬೀಸಿಸಲು ಬಂದಾಗ ಸುತ್ತು ಬಳಸದೆ ಹೇಳಿದ್ದರು: "ನೋಡಯ್ಯಾ, ನೀನು ದಡ್ಡನಾದ್ರೂ ಗಲಾಟೆ ಮಾಡ್ತಿದ್ದೆ. ಇವಳು ಅದೂ ಇಲ್ಲ. ಪಾಠ ಒಳಗೆ ಇಳಿಯೋದೇ ಇಲ್ಲ."

ಗಿರಣಿಯವನು ಅಂದೇ ಮನಸ್ಸಿನಲ್ಲಿ ತೀರ್ಮಾನ ಮಾಡಿಕೊಂಡ. ಈ ಶಾಲೆಯಲ್ಲಿ ಇದೇ ಕೊನೆಯ ವರ್ಷ. ಮುಂದಿನದಕ್ಕೆ ಬಸ್ಸು ಹತ್ತಿ ದೊಡ್ಡ ಶಾಲೆಗೆ ಹೋಗಬೇಕು. ಓದು ತಲೆಗೆ ಹತ್ತದ ಮಗುವನ್ನು ಅಲ್ಲಿಗೆ ಕಳಿಸಿ ಏನು ಪ್ರಯೋಜನ? ಗಿರಣಿಯಲ್ಲಿ ಕೂರಲಿ. ಇಲ್ಲಿ ಅವಳಂಥವರು ಯಾರಿದ್ದಾರೆ?

ಹೆಂಡತಿಗೆ ಹೇಳಿದಾಗ ಅವಳು ಕೈಯಲ್ಲಿದ್ದ ಜರಡಿ ಕೆಳಗಿಟ್ಟಳು. "ರೀ, ಗಿರಣಿ ಎಲ್ಲಿಗೂ ಓಡಿಹೋಗಲ್ಲ. ಅವಳು ದೊಡ್ಡವಳಾದ್ಮೇಲೂ ಇಲ್ಲೇ ಇರುತ್ತೆ. ಶಾಲೆ ಹಾಗಲ್ಲ."

"ಕಲಿಯದವಳನ್ನ ಕಳಿಸಿ ಏನು ಮಾಡ್ಲಿ?"

"ಕಲೀತಿಲ್ಲ ಅಂತೀರಿ. ಯಾಕೆ ಕಲೀತಿಲ್ಲ ಅಂತ ಕೇಳಿದ್ರಾ?"

ಅವನು ಕೇಳಿರಲಿಲ್ಲ. ಯಂತ್ರ ಶುರು ಮಾಡಿಬಿಟ್ಟ. ಆ ಮನೆಯಲ್ಲಿ ಮಾತು ಮುಗಿಸಲು ಅದಕ್ಕಿಂತ ಸುಲಭದ ದಾರಿ ಇರಲಿಲ್ಲ.

ಆ ವರ್ಷ ಶಾಲೆಗೆ ಹೊಸ ಟೀಚರ್ ಬಂದರು. ಗಣಿತವೊಂದನ್ನು ಬಿಟ್ಟು ಗುಬ್ಬಿಯ ತರಗತಿಯ ಎಲ್ಲ ಪಾಠವೂ ಅವರದೇ. ಬಂದವರು ಮೊದಮೊದಲು ಏನೂ ಬದಲಿಸಲಿಲ್ಲ, ಸುಮ್ಮನೆ ನೋಡಿದರು. ಆಮೇಲೆ ಒಂದೊಂದಾಗಿ ಸುದ್ದಿ ಬರತೊಡಗಿತು. ಗುಬ್ಬಿಯನ್ನು ಮುಂದಿನ ಸಾಲಿನ ಮೂಲೆಗೆ ಕೂರಿಸಿದ್ದಾರಂತೆ. ಕೂತಲ್ಲಿ ಕೂರದ ಒಬ್ಬ ಹುಡುಗ ನಿಂತುಕೊಂಡೇ ಬರೆಯಬಹುದಂತೆ. ಅಕ್ಷರ ಕೂಡಿಸಿ ಓದಲು ತಡವರಿಸುವ ಹುಡುಗಿ ಉತ್ತರವನ್ನು ಬಾಯಲ್ಲಿ ಹೇಳಿದರೂ ನಡೆಯುತ್ತದಂತೆ. ಮರುದಿನದ ಪಾಠದ ಮುಖ್ಯ ಮಾತುಗಳನ್ನು ಒಂದು ಚೀಟಿಯಲ್ಲಿ ಬರೆದು ಹಿಂದಿನ ಸಂಜೆಯೇ ಗುಬ್ಬಿಗೆ ಕೊಡುತ್ತಾರಂತೆ.

ಸುದ್ದಿ ತಂದವನು ಎದುರು ಸಾಲಿನ ಬಟ್ಟೆ ಅಂಗಡಿಯವನು. ಅವನ ಮಗನೂ ಅದೇ ತರಗತಿ. ಹಿಟ್ಟಿನ ಡಬ್ಬ ಕೆಳಗಿಟ್ಟು, ಯಂತ್ರ ನಿಲ್ಲುವುದನ್ನೇ ಕಾದು ಶುರು ಮಾಡಿದ.

"ನಿನ್ನ ಮಗಳಿಗೆ ಬೇರೆ ಚೀಟಿಯಂತಲ್ಲಪ್ಪಾ."

"ಯಾರಂದ್ರು?"

"ನನ್ನ ಮಗ. ಸುಲಭದ ಚೀಟಿ ಅಂತೆ. ತಪ್ಪು ತಿಳ್ಕೋಬೇಡ. ಆದರೆ ಒಂದು ತರಗತಿ ಅಂದ್ಮೇಲೆ ಎಲ್ಲರಿಗೂ ಒಂದೇ ಪಾಠ ಇರ್ಬೇಕು. ಕೈಲಾಗದವರಿಗೆ ಅಂತ ನಿಂತರೆ ಆಗೋವರ ಗತಿ ಏನು?"

"ನನ್ನ ಮಗಳು ಕೈಲಾಗದವಳಾ?"

"ನಾನಂದೆನಾ? ಚೀಟಿ ಕೊಟ್ಟೋರನ್ನ ಕೇಳು."

ಬಟ್ಟೆ ಅಂಗಡಿಯವನು ಹಿಟ್ಟು ತೆಗೆದುಕೊಂಡು ಹೋದ. ಅವನು ಬಿಟ್ಟುಹೋದ ಮಾತು ಮಾತ್ರ ಅಲ್ಲೇ ಉಳಿಯಿತು. ಮಗಳು ದಡ್ಡಿ ಎಂದು ತಾನು ಮನೆಯಲ್ಲಿ ಅಂದುಕೊಳ್ಳುವುದು ಬೇರೆ, ಊರಿನವರ ಮುಂದೆ ಚೀಟಿ ಕೊಟ್ಟು ಸಾರುವುದು ಬೇರೆ ಅಂತ ಗಿರಣಿಯವನಿಗೆ ತೋರಿತು. ವರ್ಷ ಮುಗಿಯುವವರೆಗೆ ಕಾಯುವುದೇಕೆ? ನಾಳೆಯೇ ಹೋಗಿ ಕರೆದುಕೊಂಡು ಬಂದುಬಿಡುತ್ತೇನೆ ಎಂದು ಹೆಂಡತಿಗೆ ಹೇಳಿದ. ಅವಳು ಜಗಳವಾಡಲಿಲ್ಲ. "ಹೋಗಿ. ಆದ್ರೆ ಕರ್ಕೊಂಡು ಬರೋ ಮೊದಲು ಒಳಗೆ ಕೂತು ನೋಡಿ ಬನ್ನಿ. ಅಷ್ಟು ಮಾಡಿ ಸಾಕು" ಎಂದಳು.

ಮರುದಿನ ಅವನು ತಲೆಯ ಮೇಲಿನ ಹಿಟ್ಟು ಕೊಡವಿ, ಒಗೆದ ಅಂಗಿ ಹಾಕಿಕೊಂಡು ಶಾಲೆಗೆ ಹೋದ. ಟೀಚರ್ ಬಾಗಿಲಲ್ಲೇ ಸಿಕ್ಕರು. ಇವನು ಬಾಯಿ ತೆರೆಯುವ ಮೊದಲೇ ಯಾಕೆ ಬಂದಿದ್ದಾನೆಂದು ಅವರಿಗೆ ಮುಖದಲ್ಲೇ ತಿಳಿದಿರಬೇಕು.

"ಮಾತಾಡೋಣ, ಖಂಡಿತ. ಈಗ ಮೇಷ್ಟ್ರ ಗಣಿತ ನಡೀತಿದೆ, ಆಮೇಲೆ ನನ್ನ ಪಾಠ. ಎರಡೂ ಮುಗಿಯೋವರೆಗೆ ಹಿಂದೆ ಕೂತಿರ್ತೀರಾ?"

ಹೆಂಡತಿ ಹೇಳಿ ಕಳಿಸಿದ್ದು ನೆನಪಾಗಿ ಒಪ್ಪಿಕೊಂಡ. ಖಾಲಿ ಇದ್ದ ಜಾಗ ಒಂದೇ. ಕೊನೆಯ ಬೆಂಚಿನ ತುದಿ, ಅಂದರೆ ಗುಬ್ಬಿ ಮೊದಲು ಕೂರುತ್ತಿದ್ದ ಜಾಗ. ಮೊಣಕಾಲು ಮಡಚಿಕೊಂಡು ಹೇಗೋ ತೂರಿಕೊಂಡ.

ತಲೆಯ ಮೇಲೆ ಫ್ಯಾನು ಕಟಕಟ ತಿರುಗುತ್ತಿತ್ತು. ಕಿಟಕಿಯಾಚೆ ಬೀದಿ. ಹಳೇ ಮೇಷ್ಟ್ರು ಹಲಗೆಯ ಕಡೆ ಮುಖ ಮಾಡಿ, ಬರೆಯುತ್ತ ಬರೆಯುತ್ತಲೇ ಲೆಕ್ಕ ಹೇಳುತ್ತಿದ್ದರು. ಗಿರಣಿಯವನು ಗಮನವಿಟ್ಟು ಕೇಳಿದ. ಮಾತಿನ ಗುಂಯ್‌ಗುಡುವಿಕೆ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಒಂದು ಪದದ ತಲೆ ಸಿಕ್ಕಿದರೆ ಬಾಲ ಇಲ್ಲ. ಕತ್ತು ಮುಂದೆ ಚಾಚಿದ. ಮೇಷ್ಟ್ರ ಬೆನ್ನು ಕಂಡಿತು, ಅಂಗಿಯ ಮೇಲಿನ ಸೀಮೆಸುಣ್ಣದ ಗುರುತು ಕಂಡಿತು.

ಮೇಷ್ಟ್ರು ಏನೋ ತಮಾಷೆ ಹೇಳಿರಬೇಕು. ಮಕ್ಕಳೆಲ್ಲ ನಕ್ಕರು. ಗಿರಣಿಯವನು ಅತ್ತಿತ್ತ ನೋಡಿ, ಒಂದು ಗಳಿಗೆ ತಡೆದು, ತಾನೂ ನಕ್ಕ.

ಪಕ್ಕದ ಹುಡುಗಿ ಅವನನ್ನೇ ನೋಡುತ್ತಿದ್ದಳು. "ನೀವ್ಯಾಕೆ ನಕ್ಕಿದ್ದು ಮಾಮ?" ಎಂದು ಮೆಲ್ಲಗೆ ಕೇಳಿದಳು.

ಅವನು ನಗುತ್ತ ತಲೆಯಾಡಿಸಿದ.

ಅಷ್ಟರಲ್ಲಿ ಮೇಷ್ಟ್ರು ಕೊನೆಯ ಬೆಂಚಿನತ್ತ ತಿರುಗಿದರು. ಹಳೆಯ ಶಿಷ್ಯನನ್ನು ಕಂಡು ಅವರ ಕಣ್ಣಲ್ಲಿ ತುಂಟತನ ಮೂಡಿತು. ಏನೋ ಕೇಳಿದರು. ಫ್ಯಾನು ಆ ಮಾತನ್ನೂ ನುಂಗಿತು. "ಹೂಂ ಮೇಷ್ಟ್ರೇ" ಎಂದ ಗಿರಣಿಯವನು. ತರಗತಿ ಮತ್ತೆ ನಕ್ಕಿತು. ಹೂಂ ಅನ್ನುವಂಥ ಪ್ರಶ್ನೆಯಲ್ಲ ಎಂಬುದಷ್ಟೇ ಅವನಿಗೆ ಗೊತ್ತಾಯಿತು. ಕಿವಿಯ ಬುಡ ಬಿಸಿಯಾಯಿತು.

ಆಗ ಮುಂದಿನ ಸಾಲಿನಿಂದ ಗುಬ್ಬಿ ಹಿಂದೆ ತಿರುಗಿದಳು. ಸ್ವರ ಹೊರಡಿಸದೆ ತುಟಿ ಅಗಲಿಸಿ, ಗಿರಣಿಯಲ್ಲಿ ಹೇಳುವ ಹಾಗೆಯೇ ಬೆರಳಲ್ಲಿ ತೋರಿಸಿದಳು. ಆರು ಚೀಲ. ಒಂದೊಂದರಲ್ಲಿ ಎಂಟು ಸೇರು. ಒಟ್ಟು ಎಷ್ಟು?

ಅವನು ಉತ್ತರ ಹೇಳಿದ. "ಪರವಾಗಿಲ್ಲವಯ್ಯಾ, ಇನ್ನೂ ನೆನಪಿದೆ" ಎಂದ ಮೇಷ್ಟ್ರು ಮತ್ತೆ ಹಲಗೆಯತ್ತ ತಿರುಗಿದರು. ಗುಬ್ಬಿಯೂ ತಿರುಗಿದಳು. ಆದರೆ ಮೇಷ್ಟ್ರ ಬೆನ್ನು ಕಂಡ ಕೂಡಲೇ ಅವಳ ಕಣ್ಣು ಪಕ್ಕದವಳ ಪುಸ್ತಕಕ್ಕೆ ಹೊರಳಿತು. ಪಕ್ಕದವಳು ಬರೆದ ಮೇಲೆ ಇವಳು ಬರೆದಳು. ಪಕ್ಕದವಳು ಗೆರೆ ಎಳೆದ ಮೇಲೆ ಇವಳು ಎಳೆದಳು. ಗಿರಣಿಯವನು ಆಮೇಲೆ ಗಣಿತ ಕೇಳಲಿಲ್ಲ. ಮಗಳ ಕತ್ತನ್ನೇ ನೋಡುತ್ತ ಕೂತ. ಮೇಷ್ಟ್ರ ಮುಖ ಈಚೆ ಬಂದರೆ ಅದು ನೆಟ್ಟಗಾಗುತ್ತಿತ್ತು, ಆಚೆ ಹೋದರೆ ಪಕ್ಕಕ್ಕೆ ವಾಲುತ್ತಿತ್ತು.

ಟೀಚರ್ ಬಂದರು. ಮೊದಲು ಬೀದಿಯ ಕಡೆಯ ಕಿಟಕಿ ಮುಚ್ಚಿಸಿ, ಫ್ಯಾನಿನ ವೇಗ ತಗ್ಗಿಸಿದರು. ಹಲಗೆಯ ಮೇಲೆ "ನೀರು ಎಲ್ಲಿ ಹೋಗುತ್ತದೆ?" ಎಂದು ಬರೆದರು. ಬರೆಯುವಾಗ ಮಾತಾಡಲಿಲ್ಲ. ಬರೆದು ಮುಗಿಸಿ, ಮಕ್ಕಳ ಕಡೆ ತಿರುಗಿ, ಆಮೇಲೆ ಬಾಯಿ ಬಿಟ್ಟರು.

ಎರಡು ಒದ್ದೆ ಬಟ್ಟೆ ತಂದಿದ್ದರು. ಒಂದನ್ನು ಕೋಣೆಯ ಮೂಲೆಯಲ್ಲಿ ಹರಡಿದರು. ಇನ್ನೊಂದನ್ನು ಅಂಗಳದ ಬಿಸಿಲಿಗೆ ಹಾಕಿ ಬರಲು ಕೂತಲ್ಲಿ ಕೂರದ ಆ ಹುಡುಗನನ್ನೇ ಕಳಿಸಿದರು. ಅವನು ಓಡಿಹೋಗಿ ಹಾಕಿ ಬಂದು, ನಿಂತುಕೊಂಡೇ ಬರೆದ. ನಡುನಡುವೆ ಹೋಗಿ ಮುಟ್ಟಿ ನೋಡಿ ಬರುವುದೂ ಅವನದೇ ಕೆಲಸ. "ಇನ್ನೂ ಹಸಿ ಇದೆ ಟೀಚರ್" ಎಂದು ವರದಿ ಒಪ್ಪಿಸುತ್ತಿದ್ದ. ಓದಲು ತಡವರಿಸುವ ಹುಡುಗಿ ಪಾಠದ ಚಿತ್ರ ತೋರಿಸುತ್ತ ಬಾಯಲ್ಲೇ ಎಲ್ಲ ಹೇಳಿದಳು. ಸರಾಗವಾಗಿಯೇ ಹೇಳಿದಳು. ಬಟ್ಟೆ ಅಂಗಡಿಯವನ ಮಗ ಎಲ್ಲಕ್ಕಿಂತ ಮೊದಲು ಮುಗಿಸಿ ಕೈಕಟ್ಟಿ ಕೂತಿದ್ದ. ಅವನ ಹತ್ತಿರ ಹೋಗಿ ಟೀಚರ್, "ಗಾಳಿ ಜೋರಾಗಿದ್ದು ಬಿಸಿಲಿಲ್ಲದಿದ್ದರೆ ಒಣಗುತ್ತಾ? ಯೋಚಿಸಿ ಹೇಳು" ಎಂದು ಬೇರೆಯೇ ಪ್ರಶ್ನೆ ಕೊಟ್ಟರು. ಅವನು ತಲೆ ಕೆರೆದುಕೊಳ್ಳುತ್ತ ಕೂತ.

ಅಂಗಳದ ಬಟ್ಟೆ ಒಣಗಿದ ಮೇಲೆ ಟೀಚರ್ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದರು. "ಅಂಗಳದ ಬಟ್ಟೆ ಯಾಕೆ ಬೇಗ ಒಣಗಿತು?" ಗುಬ್ಬಿಯ ಎದುರಿಗೆ ನಿಂತು ಕೇಳಿದರು. ಅವಳಿಗೆ ಸಮಯ ಕೊಟ್ಟು ಕಾದರು.

ಗುಬ್ಬಿ ಎದ್ದು ನಿಂತಳು. ಗಿರಣಿಯ ಮನೆಯ ಗಂಟಲು, ಗೋಡೆಗೆ ಬಡಿಯುವಷ್ಟು ಜೋರಾಗಿ ಬಂತು. "ಬಿಸಿಲಿಗೆ ನೀರು ಬೇಗ ಆವಿ ಆಯ್ತು. ಮೂಲೇಲಿ ನಿಧಾನ ಆಗತ್ತೆ. ಆವಿ ಮೇಲೆ ಹೋಗತ್ತೆ." ಪದಗಳ ಕೊನೆ ಸ್ವಲ್ಪ ನುಂಗಿದ ಹಾಗಿತ್ತು. ವಿಷಯ ಮಾತ್ರ ಸರಿ. ಯಾರೂ ನಗಲಿಲ್ಲ.

ಮಕ್ಕಳು ಆಟಕ್ಕೆ ಹೋದ ಮೇಲೆ ಟೀಚರ್ ಅವನ ಎದುರಿನ ಬೆಂಚಿನಲ್ಲಿ ಕೂತರು. ಮೇಷ್ಟ್ರೂ ಬಂದು ನಿಂತರು.

"ಅವಳಿಗೆ ಸರಿಯಾಗಿ ಕೇಳಿಸ್ತಿಲ್ಲ ಅನ್ಸುತ್ತೆ" ಎಂದರು ಟೀಚರ್. "ಪೂರ್ತಿ ಕೇಳಲ್ಲ ಅಂತಲ್ಲ. ನಾನು ಬೆನ್ನು ಹಾಕಿದಾಗ ಅವಳಿಗೆ ಪಾಠ ನಿಂತುಹೋಗುತ್ತೆ. ಒಂದು ಸಲ ಕಿವಿ ತೋರಿಸಬೇಕು."

"ಗಿರಣಿಯಲ್ಲಿ ಎಲ್ಲಾ ಕೇಳಿಸುತ್ತೆ ಟೀಚರ್ ಅವಳಿಗೆ."

"ನಿಮಗೆ?"

ಅವನು ಮಗಳ ಖಾಲಿ ಬೆಂಚಿನತ್ತ ನೋಡಿದ. ಗಿರಣಿಯಲ್ಲಿ ಯಾರಿಗೆ ಏನು ಕೇಳಿಸುತ್ತದೆ? ಅಲ್ಲಿ ಎಲ್ಲರೂ ನೋಡುತ್ತಾರೆ.

"ಮತ್ತೆ ಆ ಚೀಟಿ? ಸುಲಭದ್ದು ಅಂತ ಊರೆಲ್ಲಾ ಆಡ್ಕೋತಿದೆ."

"ಪಾಠ ಎಲ್ಲರಿಗೂ ಇರೋದೇ. ಪರೀಕ್ಷೆಯಲ್ಲಿ ಕೇಳೋದೂ ಅದೇ. ಆವಿ, ಮೋಡ ಅಂತ ಹೊಸ ಮಾತು ಬರುತ್ತಲ್ಲ, ಅದನ್ನ ಹಿಂದಿನ ದಿನವೇ ಕಣ್ಣಲ್ಲಿ ನೋಡಿದ್ರೆ ಮರುದಿನ ನನ್ನ ತುಟೀಲಿ ಗುರುತು ಸಿಗುತ್ತೆ. ಅಷ್ಟೇ ಚೀಟಿಯ ಕೆಲಸ. ನೀವು ಗಿರಣಿಯಲ್ಲಿ ಒಬ್ಬೊಬ್ಬರಿಗೆ..."

"ಗಿರಣಿ ಉದಾಹರಣೆ ಬೇಡ ಟೀಚರ್" ಎಂದ ಅವನು. "ಬಂದವರೆಲ್ಲ ಅದನ್ನೇ ಹೇಳ್ತಾರೆ. ನನಗೆ ಮಗಳ ವಿಷಯ ಹೇಳಿ. ನಾಲ್ಕು ಜನ ಅವಳನ್ನ ಕಿವುಡಿ ಅಂತ ಕರೆದರೆ ಏನು ಮಾಡ್ಲಿ?"

ಟೀಚರ್ ನಕ್ಕರು, ಆಮೇಲೆ ನಗು ನಿಲ್ಲಿಸಿ ಹೇಳಿದರು: "ಹೆಸರು ಈಗಾಗಲೇ ಇಟ್ಟಾಗಿದೆ. ಮಂಕು ಅಂತ ಕರೀತಾರೆ. ಮಗು ಅದನ್ನ ನಂಬೋಕೂ ಶುರು ಮಾಡಿದೆ."

ಮೇಷ್ಟ್ರು ಇಷ್ಟು ಹೊತ್ತು ಕೈಗೆ ಹತ್ತಿದ ಸೀಮೆಸುಣ್ಣ ಉಜ್ಜಿಕೊಳ್ಳುತ್ತಿದ್ದರು. "ನೀವು ಹೇಳೋದು ಚೆನ್ನಾಗಿದೆ ಟೀಚರಮ್ಮ. ಆದರೆ ಒಬ್ಬ ಮೇಷ್ಟ್ರು, ಕೋಣೆ ತುಂಬ ಮಕ್ಕಳು. ಒಬ್ಬೊಬ್ಬರಿಗೆ ಒಂದೊಂದು ಪಾಠ ಅಂತ ಹೊರಟರೆ ನಾನು ಮನೆಗೆ ಹೋಗೋದ್ಯಾವಾಗ?"

"ಒಬ್ಬೊಬ್ಬರಿಗೆ ಒಂದೊಂದು ಪಾಠ ನನ್ನ ಕೈಲೂ ಆಗಲ್ಲ ಸಾರ್. ಬರೆದು ಆದ್ಮೇಲೆ ತಿರುಗಿ ಮಾತಾಡ್ತೀನಿ. ಅದು ಗುಬ್ಬಿಗಾಗಿ ಶುರು ಮಾಡಿದ್ದು, ಈಗ ಹಿಂದಿನ ಬೆಂಚಿನವರೆಲ್ಲ ಬರೀತಿದ್ದಾರೆ. ಬಟ್ಟೆ ತಂದಿದ್ದು ಓದೋಕೆ ಕಷ್ಟ ಪಡೋರಿಗೆ, ಖುಷಿಪಟ್ಟಿದ್ದು ಎಲ್ಲರೂ. ನಾನೂ ಎಲ್ಲ ದಿನ ಸರಿಯಾಗಿ ಮಾಡ್ತೀನಿ ಅಂತಲ್ಲ. ಮೊನ್ನೆ ಮರೆತು ಹಲಗೆ ಕಡೆ ತಿರುಗಿ ಅರ್ಧ ಪಾಠ ಹೇಳಿಬಿಟ್ಟಿದ್ದೆ."

ಮೇಷ್ಟ್ರು ಮತ್ತೆ ಕೈ ಉಜ್ಜಿಕೊಳ್ಳತೊಡಗಿದರು. ಗಿರಣಿಯವನು ಮಗಳನ್ನು ಕರೆದುಕೊಳ್ಳದೆ ಒಬ್ಬನೇ ಮನೆಗೆ ಹೋದ.

ಸಂಜೆ ಯಂತ್ರ ನಿಲ್ಲಿಸಿ ಒಳಗೆ ಬಂದ. ಅವನ ತಾಯಿ ಎಂದಿನ ಹಾಗೆ ಗೋಡೆಗೊರಗಿ, ಕಣ್ಣು ಮುಚ್ಚಿ, ಬಾಯಿಪಾಠವಿದ್ದ ದೇವರ ಪದ್ಯಗಳನ್ನು ಹೇಳುತ್ತಿದ್ದಳು. ಆ ಮನೆಯಲ್ಲಿ ಕೂಗದೆ ಹೊರಡುವ ದನಿ ಅದೊಂದೇ. ಗುಬ್ಬಿ ಅಜ್ಜಿಯ ಪಕ್ಕ ಕೂತು, ಅವಳ ಬೆನ್ನಿಗೆ ಅಂಗೈ ಒತ್ತಿ ಹಿಡಿದಿದ್ದಳು. ಇನ್ನೊಂದು ಕೈಯಿಂದ ತನ್ನ ಮಂಡಿಯ ಮೇಲೆ ತಾಳ ಹಾಕುತ್ತಿದ್ದಳು. ತಾಳ ಒಂದೂ ತಪ್ಪುತ್ತಿರಲಿಲ್ಲ. ದಿನಾ ನೋಡಿದ್ದ ನೋಟವೇ. ಅಂದು ನಿಂತು ನೋಡಿದ.

ಪದ್ಯ ಮುಗಿದ ಮೇಲೆ ಕೇಳಿದ: "ಅಮ್ಮಾ, ಇವಳು ಯಾವಾಗ್ಲೂ ಹೀಗೆ ಬೆನ್ನು ಹಿಡ್ಕೊಂಡೇ ಕೂರ್ತಾಳಾ?"

"ಚಿಕ್ಕೋಳಿದ್ದಾಗಿಂದ್ಲೂ ಹಾಗೇ ಕಣೋ. ಒಂದೊಂದ್ಸಲ ಗಂಟಲೂ ಮುಟ್ತಾಳೆ. ಅಜ್ಜಿ ಮೇಲೆ ಪ್ರೀತಿ."

"ಪದ್ಯ ಬರುತ್ತಾ ಅವಳಿಗೆ?"

ಅಜ್ಜಿ ಮೊಮ್ಮಗಳ ಕೈ ನೋಡಿದಳು. "ತಾಳ ಬರುತ್ತೆ" ಎಂದಳು. "ಪದ ಹೇಳ್ಕೊಡು ಅಂತ ಎಷ್ಟು ಸಲ ಕೇಳಿದ್ದಾಳೆ. ಹೇಳ್ತಾನೇ ಇದ್ದೀನಲ್ಲ ಮಗಾ, ದಿನಾ ಹೇಳ್ತಾನೇ ಇದ್ದೀನಲ್ಲ ಅಂತ ನಾನು ಬೈದಿದ್ದೀನಿ."

ಗಿರಣಿಯವನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಗುಬ್ಬಿಯ ಬೆನ್ನ ಹಿಂದೆ, ನಾಲ್ಕು ಹೆಜ್ಜೆ ದೂರ. ಎಂದೂ ಕರೆಯದ ಹಾಗೆ, ಸಣ್ಣ ದನಿಯಲ್ಲಿ, ಅವಳ ಹೆಸರು ಹಿಡಿದು ಕರೆದಳು. ಪದ್ಯ ಮುಗಿದಿದ್ದರೂ ಗುಬ್ಬಿ ತನ್ನಷ್ಟಕ್ಕೆ ಮಂಡಿಯ ಮೇಲೆ ತಾಳ ಹಾಕುತ್ತಲೇ ಇದ್ದಳು. ಇನ್ನೊಮ್ಮೆ ಕರೆದಳು, ಗುಬ್ಬಿ ತಿರುಗಲಿಲ್ಲ. ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಅದೇ ವಾರ ಅಪ್ಪ ಅಮ್ಮ ಗುಬ್ಬಿಯನ್ನು ಆಸ್ಪತ್ರೆಗೆ ಕರೆದೊಯ್ದರು.

ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆಯ ಕೋಣೆ ಸಣ್ಣದು, ಗೋಡೆಗೆ ದಪ್ಪ ಮೆತ್ತೆ. ಸದ್ದು ಕೇಳಿದಾಗಲೆಲ್ಲ ಕೈ ಎತ್ತಬೇಕು. ಗುಬ್ಬಿ ಎಲ್ಲದಕ್ಕೂ ಸರಿಯಾಗಿ ಕೈ ಎತ್ತಿದಳು. ಪರೀಕ್ಷೆ ಮಾಡುವಾಕೆ ಅನುಮಾನದಿಂದ ನೋಡಿದರು. ಗುಬ್ಬಿಯ ಕಣ್ಣು ಗುಂಡಿ ಒತ್ತುವ ಅವರ ಬೆರಳ ಮೇಲಿತ್ತು. ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದರು. ಆಮೇಲೆ ಕೈ ಬಹಳ ಹೊತ್ತು ಮಡಿಲಲ್ಲೇ ಇತ್ತು.

ಎರಡೂ ಕಿವಿಯಲ್ಲಿ ಕೇಳುವ ಶಕ್ತಿ ಕಡಿಮೆ ಇದೆ, ಮೆಲುದನಿಯೂ ಪದಗಳ ಅಂಚೂ ತಪ್ಪಿಹೋಗುತ್ತವೆ ಎಂದರು ವೈದ್ಯರು. ಕಿವಿಗೆ ಹಾಕುವ ಯಂತ್ರ ಕೊಡೋಣ ಎಂದರು. ಗಿರಣಿಯ ಸದ್ದಿನಿಂದಲೇ ಹೀಗಾಯಿತಾ ಎಂದು ಅವನು ಕೇಳಿದ. ಕಾರಣ ಇಂಥದ್ದೇ ಎಂದು ಹೇಳಲಾಗದು, ಆದರೆ ಅಷ್ಟು ಗದ್ದಲ ಯಾರ ಕಿವಿಗೂ ಒಳ್ಳೆಯದಲ್ಲ, ಮಗುವನ್ನು ಅಲ್ಲಿ ನಿಲ್ಲಿಸಬೇಡಿ, ನಿಮ್ಮ ಕಿವಿಯನ್ನೂ ಒಮ್ಮೆ ತೋರಿಸಿಕೊಳ್ಳಿ ಎಂದರು.

"ಇವರದ್ದು ಮದುವೆಯಾದಾಗಿಂದ್ಲೂ ಹೀಗೇ ಡಾಕ್ಟ್ರೇ" ಎಂದಳು ಹೆಂಡತಿ. "ಬೇಕಾದ್ದು ಮಾತ್ರ ಕೇಳಿಸುತ್ತೆ."

ವೈದ್ಯರು ಇನ್ನೊಂದು ಮಾತು ಒತ್ತಿ ಹೇಳಿದರು. ಯಂತ್ರ ಹಾಕಿದರೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಅದು ಮಾತನ್ನೂ ದೊಡ್ಡದು ಮಾಡುತ್ತದೆ, ಬೆಂಚು ಎಳೆಯುವ ಸದ್ದನ್ನೂ ದೊಡ್ಡದು ಮಾಡುತ್ತದೆ. ಮುಂದಿನ ಬೆಂಚು, ಎದುರಿಗೆ ಮುಖ, ಹಲಗೆಯ ಮೇಲೆ ಬರಹ ಎಲ್ಲವೂ ಹಾಗೇ ಇರಬೇಕು. "ಟೀಚರ್ ಮಾಡ್ತಿರೋದು ಸರಿಯಾಗಿದೆ. ನಿಲ್ಲಿಸೋಕೆ ಬಿಡಬೇಡಿ."

ಹಾಗೆಯೇ ಆಯಿತು. ಮೊದಲ ದಿನಗಳಲ್ಲಿ ಗುಬ್ಬಿ ಕಿವಿಯ ಯಂತ್ರವನ್ನು ಬೈದುಕೊಂಡಳು. ನಲ್ಲಿ ತೊಟ್ಟಿಕ್ಕುವುದು, ಚಪ್ಪಲಿ ಎಳೆಯುವುದು, ಅಪ್ಪ ಊಟ ಮಾಡುವ ಸದ್ದು, ಲೋಕದಲ್ಲಿ ಇಷ್ಟೊಂದು ಗಲಾಟೆ ಇದೆಯಾ ಎಂದು ಕಿತ್ತು ಇಡುತ್ತಿದ್ದಳು. ಮೆಲ್ಲಮೆಲ್ಲಗೆ ಒಗ್ಗಿತು. ಅವಳು ಗಿರಣಿಯ ಬಾಗಿಲಲ್ಲಿ ನಿಲ್ಲುವುದನ್ನು ಅಪ್ಪ ತಪ್ಪಿಸಿದ. ಗಿರಾಕಿಗಳು ಬೇಸರಪಟ್ಟರು. "ಇನ್ಮೇಲೆ ಹತ್ತಿರ ಬಂದು ಹೇಳಿ" ಎಂದ.

ಬಟ್ಟೆ ಅಂಗಡಿಯವನು ಮತ್ತೆ ಬಂದಾಗ ಗಿರಣಿಯವನು ತಾನಾಗಿಯೇ ಯಂತ್ರ ನಿಲ್ಲಿಸಿದ.

"ನಿನ್ನ ಮಗನಿಗೂ ಬೇರೆ ಪ್ರಶ್ನೆ ಕೊಡ್ತಾರಂತಲ್ಲಪ್ಪಾ."

"ನನ್ನ ಮಗನಿಗಾ? ಯಾಕೆ, ಅವನಿಗೇನಾಗಿದೆ?"

"ಏನೂ ಆಗಿಲ್ಲ. ಬೇಗ ಮುಗಿಸಿ ಸುಮ್ಮನೆ ಕೂರ್ತಾನೆ ಅಂತ ಕಷ್ಟದ್ದು ಕೊಡ್ತಾರೆ. ನಾನೇ ಕಣ್ಣಾರೆ ನೋಡಿದ್ದೀನಿ. ಗಾಳಿ, ಬಿಸಿಲು, ಬಟ್ಟೆ ಒಣಗೋದು. ನಿಂದು ಬಟ್ಟೆ ವ್ಯಾಪಾರ ಅಲ್ವಾ, ಮನೇಲಿ ಕೇಳಿದ್ರೆ ಹೇಳ್ಕೊಡು."

ಬಟ್ಟೆ ಅಂಗಡಿಯವನು ಮೀಸೆಯಲ್ಲೇ ನಕ್ಕು ಡಬ್ಬ ಎತ್ತಿಕೊಂಡ.

ವರ್ಷದ ಕೊನೆಗೆ ಹೆತ್ತವರ ಸಭೆ ಕರೆದರು. ಅದೇ ಕೋಣೆ. ದೊಡ್ಡವರು ಹಿಂದೆ, ಮಕ್ಕಳು ಮುಂದೆ. ಮುಂದಿನ ಶಾಲೆಗೆ ಯಾರು ಯಾರು ಹೋಗುತ್ತಾರೆ, ಯಾವತ್ತು ಸೇರಬೇಕು ಎಂಬುದನ್ನು ಹಳೇ ಮೇಷ್ಟ್ರು ಹೇಳಬೇಕಿತ್ತು. ಅಭ್ಯಾಸಬಲದಿಂದ ಹಲಗೆಯ ಕಡೆ ತಿರುಗಿ, ದಿನಾಂಕ ಬರೆಯುತ್ತ ಹೇಳತೊಡಗಿದರು.

ಮುಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಮೇಷ್ಟ್ರಿಗೆ ಕಾಣಲಿಲ್ಲ. ಕೈ ಇಳಿಯಲಿಲ್ಲ. ಗುಬ್ಬಿ ಎದ್ದು ನಿಂತಳು.

"ಮೇಷ್ಟ್ರೇ, ನಂಗೆ ಕೇಳಿಸ್ಲಿಲ್ಲ. ಈ ಕಡೆ ತಿರುಗಿ ಹೇಳಿ."

ಗಿರಣಿಯವನು ಬೆಂಚಿನಿಂದ ಅರ್ಧ ಎದ್ದ. ಇಷ್ಟು ವರ್ಷ ನಕ್ಕು ತಲೆಯಾಡಿಸಿ ಕೂರುತ್ತಿದ್ದ ಮಗು. ತನಗೆ ಕೇಳಿಸಲಿಲ್ಲ ಎಂದು ಅವಳು ಹೇಳಿದ್ದು ಅವನಿಗೆ ತಿಳಿದ ಮಟ್ಟಿಗೆ ಇದೇ ಮೊದಲು. ಹಿಂದಿನಿಂದ ಬಟ್ಟೆ ಅಂಗಡಿಯವನ ದನಿ ಬಂತು. "ನಮಗೂ ಕೇಳಿಸ್ಲಿಲ್ಲ ಮೇಷ್ಟ್ರೇ."

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. ತಿರುಗಿದರು. ಕನ್ನಡಕ ಸರಿಮಾಡಿಕೊಂಡು, ಗುಬ್ಬಿಯ ಮುಖ ನೋಡಿಕೊಂಡು, ಮೊದಲಿನಿಂದ ಪೂರ್ತಿ ಹೇಳಿದರು. ಹೇಳಿ ಮುಗಿಸಿ ಗಿರಣಿಯವನತ್ತ ನೋಡಿದರು.

"ಏನಯ್ಯಾ, ಮಗಳನ್ನ ಗಿರಣಿಗೆ ಕೂರಿಸ್ತೀನಿ ಅಂತಿದ್ದೆಯಂತಲ್ಲ. ಇವಳ ಹೆಸರು ಸೇರಿಸೋದಾ ಬಿಡೋದಾ?"

"ಸೇರಿಸಿ ಮೇಷ್ಟ್ರೇ. ಮುಂದಿನ ಬೆಂಚಲ್ಲಿ ಕೂರಿಸಿ ಅಂತಾನೂ ಹೇಳಿ ಕಳಿಸಿ."

"ಅದನ್ನ ನಾನ್ಯಾಕೆ ಹೇಳ್ಲಿ? ಅವಳೇ ಹೇಳ್ತಾಳೆ" ಎಂದರು ಮೇಷ್ಟ್ರು.

ಇಷ್ಟು ಕೇಳಿದ ತಾಯಂದಿರೇ, ಅಪ್ಪಂದಿರೇ, ಪಾಠ ಹೇಳುವವರೇ, ನಿಮ್ಮಲ್ಲಿ ಒಂದು ಬೇಡಿಕೆ. ಮಗು ಕಲಿಯುತ್ತಿಲ್ಲ ಎಂದರೆ ದಡ್ಡ ಎನ್ನುವ ಮೊದಲು ಯಾಕೆ ಎಂದು ಕೇಳಿ. ಕಿವಿ ತೋರಿಸಿ, ಕಣ್ಣು ತೋರಿಸಿ. ಒಮ್ಮೆ ಶಾಲೆಗೆ ಹೋಗಿ ಆ ಮಗು ಕೂರುವ ಜಾಗದಲ್ಲೇ ಕೂತು ನೋಡಿ. ಟೀಚರ್ ನಿಮ್ಮ ಮಗುವಿಗೆ ಬೇರೆ ಚೀಟಿ ಕೊಟ್ಟರೆ, ಬೇರೆ ಜಾಗ ಕೊಟ್ಟರೆ, ಬರೆಯುವ ಬದಲು ಹೇಳು ಎಂದರೆ ಅದನ್ನು ಅವಮಾನ ಎಂದುಕೊಳ್ಳಬೇಡಿ. ಇದರಿಂದ ಏನಾಗುತ್ತದೆ ಎಂದು ಅವರನ್ನೇ ಕೇಳಿ, ಮನೆಯಲ್ಲಿ ನೀವೇನು ಕಂಡಿದ್ದೀರಿ ಎಂಬುದನ್ನೂ ಅವರಿಗೆ ತಿಳಿಸಿ. ಪಾಠ ಹೇಳುವವರು ಹಲಗೆ ಬಿಟ್ಟು ಈಚೆ ತಿರುಗಲಿ. ಹೇಳಿದ್ದನ್ನು ತೋರಿಸಲಿ, ಮುಟ್ಟಿಸಲಿ, ಉತ್ತರಕ್ಕೆ ಸ್ವಲ್ಪ ಕಾಯಲಿ. ಬೇಗ ಮುಗಿಸುವ ಮಗುವಿಗೂ ಒಂದು ಕೆಲಸ ಇಟ್ಟಿರಲಿ.

ಮತ್ತೆ ಮಕ್ಕಳೇ, ನಿಮಗೆ ಕೇಳಿಸದಿದ್ದರೆ, ಕಾಣಿಸದಿದ್ದರೆ, ತಿಳಿಯದಿದ್ದರೆ ಕೈ ಎತ್ತಿ. ಅವರು ನಿಮ್ಮ ಕಡೆ ತಿರುಗುವವರೆಗೆ ಇಳಿಸಬೇಡಿ.